ಕ್ಷಮೆಯ ಕಲ್ಲುಗಳ ಲೆಕ್ಕ

ಏಪ್ರಿಲ್ ಮೊದಲ ವಾರ. ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ನನ್ನ ಮೇಜಿನ ಹತ್ತಿರ ಬಂದರು. ನಾನು ಹೆಡ್‌ಫೋನ್ ತೆಗೆಯುವವರೆಗೂ ಸುಮ್ಮನೆ ನಿಂತಿದ್ದು, ಆಮೇಲೆ ಮೆಲ್ಲಗೆ ಕೇಳಿದರು: "ಮಾರ್ಚ್ 31ರ ರಾತ್ರಿ ಆಟಗಾರರು ದುಡ್ಡು ಕೊಟ್ಟು ಕೊಂಡ ಕಲ್ಲು ಎಷ್ಟು ಉಳಿದಿತ್ತು, ಹೇಳ್ತೀರಾ?"

"ಈಗ ಎಷ್ಟಿದೆ ಅಂದ್ರೆ ಎರಡು ನಿಮಿಷದಲ್ಲಿ ಕೊಡ್ತೀನಿ ಮೇಡಂ."

"ಈಗಿನದ್ದು ಬೇಡ. 31ರದ್ದು."

31ರದ್ದು ನನ್ನ ಹತ್ತಿರ ಇರಲಿಲ್ಲ.

ನಾನು ಟೋಕಿಯೋದಲ್ಲಿ ಮೊಬೈಲ್ ಗೇಮ್ ಸರ್ವರ್ ಬರೆಯುವವನು. ಆಗ ಕೆಲಸ ಮಾಡುತ್ತಿದ್ದದ್ದು ಹಳೇ ಆಟಿಕೆ ಸರಣಿಯೊಂದನ್ನು ಇಟ್ಟುಕೊಂಡು ಮಾಡಿದ ತಂತ್ರದಾಟದಲ್ಲಿ. ಕಲ್ಲು ಅಂದರೆ ಆ ಆಟದೊಳಗಿನ ನಾಣ್ಯ. ಕಂಪನಿಯ ಹೆಸರು, ಆಟದ ಹೆಸರು ಎರಡೂ ಬೇಡ. ಹುಟ್ಟಿ ಒಂದು ವರ್ಷ ಆಗುವಷ್ಟರಲ್ಲಿ ಮುಚ್ಚಿತು ಅಂದರೆ ಸಾಕು.

ಆಟಿಕೆಯಿಂದ ಮೊಬೈಲ್ ಆಟ ಮಾಡುವುದು ಜಪಾನಿನಲ್ಲಿ ಹೊಸದೇನಲ್ಲ. ಜೋಯಿಡ್ಸ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಟೋಮಿ ಕಂಪನಿ 1983ರಿಂದ ತಂದ ಡೈನೋಸಾರ್, ಸಿಂಹ, ತೋಳದ ಆಕಾರದ ಯಂತ್ರಗಳು; ಬಿಡಿಭಾಗಗಳನ್ನು ನಾವೇ ಜೋಡಿಸಬೇಕು. ಕೀಲುಗಳಿಗೆ ಅಂಟು ಹಾಕುವುದಿಲ್ಲ, ಪುಟ್ಟ ರಬ್ಬರ್ ಟೋಪಿ ಒತ್ತಿದರೆ ಕಾಲು ನಿಲ್ಲುತ್ತದೆ. ಕೀ ಕೊಟ್ಟರೋ ಬ್ಯಾಟರಿ ಹಾಕಿದರೋ ನಡೆಯುತ್ತದೆ. ಟೋಮಿ ಮತ್ತು ಟಕಾರಾ 2006ರಲ್ಲಿ ಒಂದಾದವು. ಆ ಟಕಾರಾ ಟೋಮಿಯ ಜೋಯಿಡ್ಸ್ 2017ರಲ್ಲಿ 'ಫೀಲ್ಡ್ ಆಫ್ ರೆಬೆಲಿಯನ್' ಎಂಬ ಮೊಬೈಲ್ ತಂತ್ರದಾಟವಾಗಿಯೂ ಬಂತು, ಬಹಳ ಕಾಲ ನಿಲ್ಲಲಿಲ್ಲ. ಅದರಲ್ಲಿ ನನ್ನ ಕೈ ಇಲ್ಲ. ಆದರೆ ಪಕ್ಕದ ಮೇಜಿನ ಪ್ಲಾನರ್ (ಆಟದ ವಿನ್ಯಾಸ ಮಾಡುವವನು) ಹತ್ತಿರ ಕೀ ಕೊಡುವ ಜೋಯಿಡ್ ಒಂದಿತ್ತು. ಬರೆದ ಕೋಡ್ ಆಟವಾಗಿ ತಯಾರಾಗುವವರೆಗೆ ಅದು ಅವನ ಕೀಬೋರ್ಡ್ ಮೇಲೆ ಕಟಕಟ ನಡೆದು, ಸ್ಪೇಸ್‌ಬಾರ್ ಹತ್ತಿರ ಪ್ರತಿ ಸಲವೂ ಮುಗ್ಗರಿಸುತ್ತಿತ್ತು.

ಈ ಜಾತಿಯ ಆಟಗಳ ಕಷ್ಟವೇ ಬೇರೆ. ನಮ್ಮ ಆಟಗಾರರಲ್ಲಿ ಬಹಳಷ್ಟು ಜನ ಚಿಕ್ಕಂದಿನಲ್ಲಿ ಆ ಆಟಿಕೆ ಜೋಡಿಸಿ, ಈಗ ನಲವತ್ತರ ಹತ್ತಿರ ಬಂದವರು. ಅವರಿಗೆ ಬೇಕಾಗಿದ್ದದ್ದು ತಮ್ಮ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡುವುದು. ನಾವು ಕೊಟ್ಟಿದ್ದು ಅಪರಿಚಿತರ ಜೊತೆ ಮೂರು ನಿಮಿಷದ ನೇರ ಯುದ್ಧ. ನೇರ ಯುದ್ಧಕ್ಕೆ ಎದುರಾಳಿ ಬೇಕು, ಅದೂ ಸರಿಸಮಾನ ಬಲದವನು, ಅದೂ ಈ ಕ್ಷಣಕ್ಕೆ. ಜನ ಕಮ್ಮಿಯಾದರೆ ಕಾಯುವ ಹೊತ್ತು ಉದ್ದವಾಗುತ್ತದೆ, ಕಾದು ಬೇಸತ್ತವನು ಹೋಗುತ್ತಾನೆ, ಉಳಿದವನು ಇನ್ನೂ ಹೆಚ್ಚು ಕಾಯುತ್ತಾನೆ. ಬಾಟ್, ಅಂದರೆ ಮನುಷ್ಯನ ಬದಲು ಕಂಪ್ಯೂಟರೇ ಆಡುವ ಎದುರಾಳಿ, ಹಾಕಿ ತೇಪೆ ಹಚ್ಚಿದೆವು, ಹಳೇ ಹುಲಿಗಳು ಎರಡೇ ದಿನದಲ್ಲಿ ಕಂಡುಹಿಡಿದರು. ಇದರ ಮೇಲೆ ಆಟಿಕೆ ಮಾಲೀಕರ ಪರಿಶೀಲನೆ, ಇಲ್ಲಿನವರ ಮಾತಿನಲ್ಲಿ ಕನ್ಶೂ. ಒಂದು ಯಂತ್ರದ ಮಾಡೆಲ್ ವಾಪಸ್ ಬಂದ ಕಾರಣ: ಎಡ ಭುಜದ ಸ್ಟಿಕರ್ ಎರಡನೇ ಆವೃತ್ತಿಯ ಪೆಟ್ಟಿಗೆಯಲ್ಲಿ ಮಾತ್ರ ಇತ್ತು, ಮೊದಲನೆಯದರಲ್ಲಿ ಇರಲಿಲ್ಲ. ನಕ್ಕಿದ್ದೆ. ಅವರ ಲೆಕ್ಕ ಎಷ್ಟು ಕರಾರುವಾಕ್ಕು, ನನ್ನದು ಎಷ್ಟು ಸಡಿಲ ಅಂತ ಆಗ ಗೊತ್ತಿರಲಿಲ್ಲ.

ಇನ್ನು ಆ ಕಲ್ಲು. ಜಪಾನಿಯಲ್ಲೂ ಇಶಿ, ಕಲ್ಲೇ. ಎರಡು ಥರ: ದುಡ್ಡು ಕೊಟ್ಟು ಕೊಂಡದ್ದು, ಪುಕ್ಕಟೆ ಸಿಕ್ಕಿದ್ದು. ಆಟಗಾರನ ಪರದೆಯಲ್ಲಿ ಎರಡೂ ಸೇರಿ ಒಂದೇ ಅಂಕಿ. ಕಾನೂನಿನ ಕಣ್ಣಿಗೆ ಮಾತ್ರ ಒಂದಲ್ಲ. 2010ರಿಂದ ಜಾರಿಯಲ್ಲಿರುವ ಪಾವತಿ ಕಾಯ್ದೆಯ ಪ್ರಕಾರ ಕೊಂಡ ಕಲ್ಲು ಮುಂಗಡ ಹಣ. ಆರು ತಿಂಗಳೊಳಗೆ ಅವಧಿ ಮುಗಿಯುವಂಥದ್ದಕ್ಕೆ ವಿನಾಯಿತಿ ಇದೆ, ನಮ್ಮದು ಹಾಗಿರಲಿಲ್ಲ. ಮಾರ್ಚ್ 31 ಮತ್ತು ಸೆಪ್ಟೆಂಬರ್ 30ಕ್ಕೆ ಖರ್ಚಾಗದೆ ಉಳಿದದ್ದು 1 ಕೋಟಿ ಯೆನ್ ದಾಟಿದರೆ ಸರ್ಕಾರಕ್ಕೆ ತಿಳಿಸಿ, ಅದರ ಅರ್ಧದಷ್ಟಾದರೂ ಠೇವಣಿ ಇಡಬೇಕು. ಆಟ ಮುಚ್ಚಿದರೆ ಪ್ರಕಟಣೆ ಕೊಟ್ಟು, ಅರ್ಜಿಗೆ ಕನಿಷ್ಠ 60 ದಿನ ಅವಕಾಶ ಇಟ್ಟು, ಉಳಿದ ಹಣ ವಾಪಸ್ ಮಾಡಬೇಕು.

ನಾನು ಮಾಡಿದ್ದೇನು? ಒಂದು ಟೇಬಲ್, ಎರಡು ಕಾಲಂ. ಕೊಂಡದ್ದು, ಪುಕ್ಕಟೆ. ಖರ್ಚಾದರೆ ಕಳೆ, ಬಂದರೆ ಕೂಡು. ನಡುವೆ ಏನಾಯಿತು ಅನ್ನುವುದಕ್ಕೆ ಬರೀ ಪಠ್ಯದ ಲಾಗ್, ಅದೂ 90 ದಿನಕ್ಕೆ ತಾನಾಗಿ ಅಳಿಯುವಂಥದ್ದು. ಊರಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇದಕ್ಕಿಂತ ವಾಸಿ. ಅರ್ಧ ಕೆಜಿ ಬೆಲ್ಲಕ್ಕೂ ತಾರೀಕು ಹಾಕಿ ಒಂದು ಸಾಲು ಇರುತ್ತಿತ್ತು.

ಆ ಸಲ ಲಾಗ್ ಹಿಂದಕ್ಕೆ ಓಡಿಸಿ 31ರ ಅಂಕಿ ತೆಗೆದುಕೊಟ್ಟೆ. ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಟೇಬಲ್ ಮಾತ್ರ ಹಾಗೇ ಬಿಟ್ಟೆ. ಹೊಸ ಯಂತ್ರ, ಹೊಸ ಮೈದಾನ, ಕೈತುಂಬ ಕೆಲಸ.

ಆಟ ಮುಚ್ಚುವ ತೀರ್ಮಾನ ಬಂದ ಮೇಲೆ ಅಸಲಿ ಹುಳುಕು ಹೊರಬಿತ್ತು. ಸರ್ವರ್ ಕೈಕೊಟ್ಟಾಗಲೆಲ್ಲ ಆಟಗಾರರಿಗೆ ಕ್ಷಮೆಯ ಕಲ್ಲು ಹಂಚುವುದು ಇಲ್ಲಿನ ವಾಡಿಕೆ. ಒವಾಬಿ ಇಶಿ ಅನ್ನುತ್ತಾರೆ. ನಾವು ಬೇಕಾದಷ್ಟು ಸಲ ಕ್ಷಮೆ ಕೇಳಿದ್ದೆವು. ಹಂಚುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ನನ್ನದೇ. ಒಂದು ರಾತ್ರಿ ಅವಸರದಲ್ಲಿ ಬರೆದದ್ದು, ಯಾವ ಕಾಲಂ ಅಂತ ಹೇಳದಿದ್ದರೆ 'ಕೊಂಡದ್ದು' ಕಾಲಂಗೆ ಹಾಕುತ್ತಿತ್ತು. ಎರಡು ಸಲ ನಾನು ಹೇಳಿರಲಿಲ್ಲ. ಅಂದರೆ ನಾವು ಕೇಳಿದ ಕ್ಷಮೆಗೆ ಈಗ ನಾವೇ ನಗದು ಕೊಡಬೇಕು.

ಮೂರು ವಾರ ಆಪಲ್, ಗೂಗಲ್ ಎರಡರ ರಸೀದಿಗಳನ್ನೂ ಇಟ್ಟುಕೊಂಡು ಖಾತೆ ಖಾತೆಯಾಗಿ ತಾಳೆ ನೋಡಿದೆ. ದೊಡ್ಡ ಪ್ಯಾಕಿನ ಜೊತೆ ಬರುವ ಬೋನಸ್ ಕಲ್ಲು ಪುಕ್ಕಟೆ ಲೆಕ್ಕಕ್ಕೆ ಹೋಗಬೇಕು. ಅದನ್ನೂ ಕೆಲವು ಕಡೆ ಬೆರೆಸಿಟ್ಟಿದ್ದೆ. ಲಾಗ್ ಅಳಿದುಹೋದ ಕಾಲದ್ದನ್ನು ಬಿಡಿಸಲು ಸಾಧ್ಯವೇ ಆಗಲಿಲ್ಲ. ಅನುಮಾನ ಬಂದ ಕಡೆ ಆಟಗಾರನ ಪರವಾಗಿ ಅಂತ ಮೇಲಿನವರು ತೀರ್ಮಾನಿಸಿದರು. ನನಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಈಗ ಹೊಸ ಆಟ ಶುರು ಮಾಡಿದರೆ ನಾನು ಮೊದಲು ಬರೆಯುವುದು ಖಾತೆ ಪುಸ್ತಕ. ಪ್ರತಿ ಕಲ್ಲಿನ ಗುಂಪಿಗೂ ಒಂದು ಸಾಲು: ಯಾವ ಅಂಗಡಿಯಿಂದ, ಯಾವ ಬೆಲೆಗೆ, ಯಾವಾಗ. ಸಾಲನ್ನು ತಿದ್ದುವ ಹಾಗಿಲ್ಲ, ಹೊಸ ಸಾಲು ಸೇರಿಸಬಹುದು ಅಷ್ಟೆ. ಮುಚ್ಚುವ ದಿನದ ವರದಿಯನ್ನು ಬಿಡುಗಡೆಗೆ ಮೊದಲೇ ಒಮ್ಮೆ ಓಡಿಸಿ ನೋಡುತ್ತೇನೆ. ಪ್ಲಾನರ್‌ಗೆ ಇದು ಅಪಶಕುನ. ಮದುವೆ ಮನೆಯಲ್ಲಿ ತಿಥಿ ಮಾತು ಬೇಡ ಅನ್ನುವ ಥರ ಮುಖ ಮಾಡುತ್ತಾನೆ.

ಮುಚ್ಚುವ ಪ್ರಕಟಣೆ ಇಲ್ಲಿನ ರೂಢಿಯಂತೆ "ನಮ್ಮ ಸ್ವಾರ್ಥಕ್ಕಾಗಿ ನಿಜಕ್ಕೂ ಕ್ಷಮೆ ಇರಲಿ" ಅನ್ನುವ ಅರ್ಥದ ಮಾತಿನಿಂದ ಶುರುವಾಗಿತ್ತು. ಕೊನೆಯ ದಿನ ಮಧ್ಯಾಹ್ನ 3ಕ್ಕೆ ಸರ್ವರ್ ನಿಲ್ಲಿಸಿದೆ. ಅದಕ್ಕೆ ಮುಂಚಿನ ಹತ್ತು ನಿಮಿಷ ಎದುರಾಳಿ ಸಿಗಲು ಯಾರೂ ಕಾಯಬೇಕಾಗಿರಲಿಲ್ಲ.

ಅರ್ಜಿಗಳ ಅವಧಿ ಮುಗಿಯುವ ಹೊತ್ತಿಗೆ ಆ ಹಿರಿಯರು ಮತ್ತೆ ನನ್ನ ಮೇಜಿಗೆ ಬಂದರು. ಕೈಯಲ್ಲಿ ಒಂದೇ ಹಾಳೆ. ಒಂದು ಕಲ್ಲು, 120 ಯೆನ್. ಬ್ಯಾಂಕ್ ವರ್ಗಾವಣೆಯ ಶುಲ್ಕವೇ ಅದಕ್ಕಿಂತ ಜಾಸ್ತಿ. ಇದು ನಿಜಕ್ಕೂ ಕೊಂಡದ್ದೇನಾ, ನೋಡಿ ಅಂದರು. ನೋಡಿದೆ. ರಸೀದಿ ಇರಲಿಲ್ಲ, ಆ ರಾತ್ರಿಯ ಸ್ಕ್ರಿಪ್ಟಿನದ್ದು.

"ನಂದು ಮೇಡಂ" ಅಂದೆ.

ಅವರು ಹಾಳೆಯನ್ನು ನನ್ನ ಮೇಜಿನ ಮೇಲೇ ಇಟ್ಟು, ಜೇಬಿನಿಂದ ಹಾಂಕೋ ತೆಗೆದು, ಕೆಂಪು ಮುದ್ರೆ ಒತ್ತಿ ತೆಗೆದುಕೊಂಡು ಹೋದರು.