ಬಲಗಡೆಯಿಂದ ಓದಿ

ಚಿಕ್ಕಮಗಳೂರಿನ ಹೋಂಸ್ಟೇ ಬುಕ್ ಮಾಡೋಕೆ ಅಂತ ಅತ್ತಿಗೆ ಒಂದು ಲಿಂಕ್ ಕಳಿಸಿದ್ದರು. ಶುರುವಿನಲ್ಲಿ ಪ್ರವಾಸೋದ್ಯಮ ಇಲಾಖೆ ಅನ್ನಿಸುವ ಹೆಸರು, ಕೊನೆಗೆ ಯಾವುದೋ ಗುರುತಿಲ್ಲದ ಡಾಟ್ ಕಾಮ್.

ವೆಬ್ ವಿಳಾಸದ ಶುರುವಿನ https:// ಬಿಟ್ಟು, ಆಮೇಲೆ ಮೊದಲ ಓರೆಗೆರೆ (/) ಬರುವವರೆಗೆ ತಗೊಂಡು ಬಲದಿಂದ ಎಡಕ್ಕೆ ಓದಬೇಕು. ಅಂಚೆ ವಿಳಾಸವನ್ನು ಕೊನೆಯಿಂದ ಓದಿದ ಹಾಗೆಯೇ. ಮೊದಲು ಜಿಲ್ಲೆ, ಆಮೇಲೆ ಮೂಡಿಗೆರೆ, ಕೊನೆಗೆ ಮನೆ. ಡಾಟ್ ಕಾಮ್‌ಗೆ ಅಂಟಿಕೊಂಡ ಹೆಸರಿನವರೇ ಯಜಮಾನರು. ಅದರ ಎಡಗಡೆ ಅವರು ಏನು ಬೇಕಾದರೂ ಬರೆದುಕೊಳ್ಳಬಹುದು, ಇಲಾಖೆಯ ಹೆಸರನ್ನೂ! ಡಾಟ್ ಗವ್ ಡಾಟ್ ಇನ್ ಮಾತ್ರ ಸರ್ಕಾರದವರಿಗಷ್ಟೇ ಸಿಗುತ್ತದೆ.

1983ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಪಾಲ್ ಮೊಕಪೆಟ್ರಿಸ್ ಹೆಸರುಗಳ ಈ ಏರ್ಪಾಡು ರೂಪಿಸಿದರು. ಅದಕ್ಕೂ ಮುಂಚೆ ಜಾಲದಲ್ಲಿದ್ದ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಫೈಲಿನಲ್ಲಿ ಇರುತ್ತಿತ್ತು. ಈಗ ಅದನ್ನು ಊಹಿಸೋಕೂ ಆಗಲ್ಲ, ಅಲ್ವಾ?

ಅಂದಹಾಗೆ, ಕೆಲವು ಬ್ರೌಸರ್‌ಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರ ನೋಡಿ ಸುಮ್ನೆ ನಂಬಬೇಡಿ. ಕಳ್ಳ ಸೈಟಿಗೂ ಅದು ಸಿಗುತ್ತದೆ.