ನನ್ನದಲ್ಲದ ಸೀಟಿ

16 ನವೆಂಬರ್ 2025, ಭಾನುವಾರ ರಾತ್ರಿ
ಬಸವನಗುಡಿ

"ಅಲ್ಲೇ ನಿಂತಿದ್ರಲ್ಲಾ ಮೇಡಂ, ನೋಡಲಿಲ್ವಾ?" ಎಂದು ಆ ಹುಡುಗಿ ಕೇಳಿದ ಮಾತು, ಮನೆಗೆ ಬಂದು ಸ್ನಾನ ಮುಗಿಸಿ, ಅಮ್ಮ ಬಡಿಸಿದ ಚಪಾತಿಯನ್ನು ಅರ್ಧಕ್ಕೇ ಬಿಟ್ಟು ಎದ್ದ ಮೇಲೂ ಕಿವಿಯಲ್ಲಿ ಉಳಿದಿದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಿಳಿ ಜೆರ್ಸಿಯ ಒಂಬತ್ತನೇ ನಂಬರಿನವಳು, ಹದಿನೈದು ದಾಟಿರಲಾರದು. ತರಚಿದ ಮೊಣಕೈಗೆ ಮೆತ್ತಿದ್ದ ಸಿಮೆಂಟಿನ ಧೂಳನ್ನು ಇನ್ನೊಂದು ಕೈಯಿಂದ ಒರೆಸಿಕೊಳ್ಳುತ್ತಾ, ನಿಜಕ್ಕೂ ಉತ್ತರ ಬೇಕಾಗಿದೆ ಎನ್ನುವಂತೆ ಕೇಳಿದಳು. ನನ್ನಿಂದ ಎರಡು ಮೀಟರ್ ದೂರದಲ್ಲಿ ನಡೆದದ್ದನ್ನು ನಾನು ನೋಡಿರಲಿಲ್ಲ.

ನಾಲ್ಕು ವರ್ಷಗಳಿಂದ ಭಾನುವಾರದ ಬೆಳಗುಗಳನ್ನು ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಬಾಸ್ಕೆಟ್‌ಬಾಲ್ ಲೀಗುಗಳಲ್ಲಿ ರೆಫ್ರಿಯಾಗಿ ಸೀಟಿ ಊದುತ್ತಾ ಕಳೆದಿದ್ದೇನೆ. ಅಲ್ಲಿ ಗಡಿಯಾರ ಕೊನೆಯ ಎರಡು ನಿಮಿಷದ ತನಕ ನಿಲ್ಲದೆ ಓಡುತ್ತದೆ, 24 ಸೆಕೆಂಡಿನೊಳಗೆ ಚೆಂಡನ್ನು ಬಾಸ್ಕೆಟ್ಟಿಗೆ ಎಸೆಯಬೇಕೆನ್ನುವ ಶಾಟ್ ಕ್ಲಾಕ್ ಇರುವುದಿಲ್ಲ, ಆಡುವವರು ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಬಂದವರು. ಇಬ್ಬರೇ ರೆಫ್ರಿಗಳಿರುವುದರಿಂದ ಇಡೀ ಕೋರ್ಟು ನನ್ನದೆಂದೇ ಭಾವಿಸಿ ಓಡುವುದು ಅಭ್ಯಾಸವಾಯಿತು. ಜಗಳ ಏಳುವ ಮೊದಲೇ ಮಾತಿನಿಂದ ತಣ್ಣಗಾಗಿಸುವುದನ್ನು, ಸೋತ ತಂಡದ ಕ್ಯಾಪ್ಟನ್ ಕೂಡ ಕೈಕುಲುಕಿ ಹೋಗುವಂತೆ ನಡೆದುಕೊಳ್ಳುವುದನ್ನು ನಾನು ಕಲಿತದ್ದು ಅಲ್ಲಿಯೇ, ಆ ಕಲಿಕೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಅಲ್ಲಿ ಯಾರೂ ನನ್ನನ್ನು, "ನಿಮ್ಮ ಕಣ್ಣು ಆಗ ಎಲ್ಲಿತ್ತು?" ಎಂದು ಕೇಳಿದ್ದಿಲ್ಲ. ಚೆಂಡು ಎಲ್ಲಿತ್ತೋ ಎಲ್ಲರ ಕಣ್ಣೂ ಅಲ್ಲೇ ಇರುತ್ತಿತ್ತು.

ಇಂದಿನದು ಜಿಲ್ಲಾ ಮಟ್ಟದ ಬಾಲಕಿಯರ ಪಂದ್ಯ. ಬೇಸ್‌ಲೈನಿನಲ್ಲಿ ಒಬ್ಬ ಲೀಡ್, ಹಿಂದೆ ಒಬ್ಬ ಟ್ರೇಲ್, ಎದುರು ಬದಿಯಲ್ಲಿ ಒಬ್ಬ ಸೆಂಟರ್ ಎಂದು ಮೂವರು ರೆಫ್ರಿಗಳ ವ್ಯವಸ್ಥೆಯಲ್ಲಿ ನಾನು ನಿಂತದ್ದು ಇದು ಎರಡನೆಯ ಸಲ. ಕಲ್ಲಿನ ಮೆಟ್ಟಿಲ ಮೇಲೆ, ನನ್ನನ್ನು ರೆಫ್ರಿಯಾಗಿ ತಿದ್ದುತ್ತಿರುವ ಸರ್ ನೋಟ್‌ಬುಕ್ ಹಿಡಿದು ಕೂತಿದ್ದರು. ರಾಜ್ಯಮಟ್ಟದ ರೆಫ್ರಿ ಪರೀಕ್ಷೆಗೆ ನಾನು ಈ ಸಲ ಕೂರಬಹುದೋ ಇಲ್ಲವೋ ಎಂಬುದನ್ನು ಅವರು ನೋಡಿ ಹೇಳುವವರಿದ್ದರು.

ನಾಲ್ಕನೇ ಕ್ವಾರ್ಟರಿನ ಮಧ್ಯದಲ್ಲಿ ನಾನು ಲೀಡ್. ನನ್ನ ಮುಂದೆ ಬಾಸ್ಕೆಟ್ಟಿನ ಪಕ್ಕದಲ್ಲಿಯೇ ಬಿಳಿ ಒಂಬತ್ತು ಮತ್ತು ಅವಳನ್ನು ಕಾಯುತ್ತಿದ್ದ ನೀಲಿ ತಂಡದ ಹುಡುಗಿ ಜಾಗಕ್ಕಾಗಿ ಒತ್ತಾಡುತ್ತಿದ್ದರು. ಚೆಂಡು ಸೆಂಟರ್ ಇದ್ದ ಬದಿಗೆ ಹೋಯಿತು. ಅಲ್ಲಿಂದ ಬಿಳಿ ತಂಡದ ಗಾರ್ಡ್, ಅಂದರೆ ಚೆಂಡನ್ನು ಮುನ್ನಡೆಸುವ ಹುಡುಗಿ, ಮೂರು ನಾಲ್ಕು ಸಲ ಚೆಂಡು ಕುಟ್ಟಿ, ತಟ್ಟನೆ ಒಳಕ್ಕೆ ನುಗ್ಗಿದಳು. ನೀಲಿ ಹದಿನಾರು ಅಡ್ಡ ಬಂದಳು, ಇಬ್ಬರೂ ಡಿಕ್ಕಿಯಾಗಿ ಬಿದ್ದರು, ನಾನು ಸೀಟಿ ಊದಿಬಿಟ್ಟಿದ್ದೆ. ಮುಷ್ಟಿ ಮೇಲೆತ್ತಿ ಗಡಿಯಾರ ನಿಲ್ಲಿಸಿ, ಸ್ಕೋರರ್ ಟೇಬಲ್ಲಿನ ಎದುರು ಹೋಗಿ, ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಹಾಗೆಯೇ ತೋರಿಸಿದೆ: ಹತ್ತರ ಸ್ಥಾನಕ್ಕೆ ಕೈಯ ಹಿಂಬದಿ ಕಾಣುವಂತೆ ಒಂದು ಬೆರಳು, ಬಿಡಿ ಸ್ಥಾನಕ್ಕೆ ಅಂಗೈ ಕಾಣುವಂತೆ ಆರು ಬೆರಳು, ಅಲ್ಲಿಗೆ ಹದಿನಾರು. ಸಂಜ್ಞೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಅದು ಆ ಹುಡುಗಿಯ ಐದನೆಯ ಫೌಲ್, ಐದಾದರೆ ಆಟದಿಂದ ಹೊರಗೆ ಎಂದು ಸ್ಕೋರರ್ ಹೇಳಿದಾಗ ಅವಳು ತಲೆ ತಗ್ಗಿಸಿ ಬೆಂಚಿನ ಕಡೆ ನಡೆದಳು. ಹಿಂತಿರುಗಿ ನೋಡಿದರೆ ಒಂಬತ್ತನೇ ನಂಬರಿನವಳು ನೆಲದ ಮೇಲಿದ್ದಳು. ಅವಳು ಯಾವಾಗ ಬಿದ್ದಳು, ಯಾರು ನೂಕಿದರು, ನನಗೆ ಗೊತ್ತಿರಲಿಲ್ಲ. ಅವಳ ಪ್ರಶ್ನೆಗೆ ನಾನು, "ಇಲ್ಲಮ್ಮ, ನೋಡಲಿಲ್ಲ" ಎಂದೆ. ಇಡೀ ದಿನದಲ್ಲಿ ನಾನು ಸರಿಯಾಗಿ ಹೇಳಿದ ತೀರ್ಪು ಅದೊಂದೇ ಎಂದು ಈಗ ಅನ್ನಿಸುತ್ತಿದೆ.

ಪಂದ್ಯ ಮುಗಿದ ಮೇಲೆ ಸರ್ ಏನೂ ಮಾತಾಡದೆ ಗಾಂಧಿ ಬಜಾರಿನವರೆಗೂ ನಡೆಸಿಕೊಂಡು ಬಂದರು. ನಾಳೆ ಕಾರ್ತಿಕದ ಕೊನೆಯ ಸೋಮವಾರ, ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಆಗಲೇ ಕಡಲೆಕಾಯಿ ರಾಶಿಗಳು ಬಿದ್ದಿದ್ದವು, ಆಟೋಗಳು ಒಳಗೆ ಬರುತ್ತಿರಲಿಲ್ಲ. ಸರ್ ಒಂದು ಸೇರು ಹಸಿ ಕಡಲೆಕಾಯಿ ಕೊಂಡರು. ದರ್ಶಿನಿಯ ಎತ್ತರದ ಮೇಜಿನ ಮೇಲೆ ಬೈ-ಟೂ ಕಾಫಿಯ ಎರಡು ಲೋಟ, ಒಂದು ನೀರಿನ ಲೋಟವನ್ನು ಮೂವರು ರೆಫ್ರಿಗಳೆಂದೂ ಹತ್ತು ಕಡಲೆಕಾಯಿಯನ್ನು ಆಡುವ ಹುಡುಗಿಯರೆಂದೂ ಇಟ್ಟು, "ಈಗ ಹೇಳಮ್ಮಾ, ನೀನು ಯಾವ ಲೋಟ?" ಎಂದು ಕೇಳಿದರು. ನಾನು ನೀರಿನ ಲೋಟವನ್ನು ಮೇಜಿನ ಅಂಚಿಗೆ ಸರಿಸಿದೆ.

"ನಿನ್ನ ಮುಂದೆ ಎಷ್ಟು ಕಡಲೆಕಾಯಿ ಇವೆ?"

"ಎರಡು, ಸರ್."

"ಚೆಂಡು ಹಿಡಿದಿರೋಳು ಯಾರ ಮುಂದೆ?"

ಅವಳು ಇದ್ದದ್ದು ಸೆಂಟರಿನ ಕಾಫಿ ಲೋಟದ ಮುಂದೆ. ನಾನು ಬೆರಳು ತೋರಿಸಿದೆನೇ ಹೊರತು ಬಾಯಿ ತೆರೆಯಲಿಲ್ಲ.

ಆಮೇಲೆ ಅವರು ಬಹಳ ನಿಧಾನವಾಗಿ ವಿವರಿಸಿದರು. ನೀಲಿ ಹದಿನಾರು ಎರಡೂ ಕಾಲನ್ನು ನೆಲಕ್ಕೂರಿ, ಎದುರಾಳಿಗೆ ಮುಖ ಮಾಡಿ, ಮೊದಲೇ ಜಾಗ ಹಿಡಿದಿದ್ದಳು, ನುಗ್ಗಿ ಬಂದವಳು ನೇರವಾಗಿ ಅವಳ ಎದೆಗೆ ಹಾಯ್ದಳು, ಆದ್ದರಿಂದ ಫೌಲ್ ಆಗಬೇಕಿದ್ದದ್ದು ನುಗ್ಗಿದವಳ ಮೇಲೆ. ಸೆಂಟರಿನಲ್ಲಿದ್ದವರಿಗೆ ಇಬ್ಬರ ನಡುವಿನ ಸಂದು ಕಾಣುತ್ತಿತ್ತು, ಡಿಫೆಂಡರ್ ಬಂದು ನಿಂತ ಗಳಿಗೆಯಿಂದಲೂ ಅವರು ಅವಳನ್ನೇ ನೋಡುತ್ತಿದ್ದರು. ನನಗೆ ಬೇಸ್‌ಲೈನಿನಿಂದ ಕಂಡದ್ದು ಒಂದು ಬೆನ್ನು, ಒಂದು ಡಿಕ್ಕಿ, ಬಿದ್ದ ಇಬ್ಬರು ಮಾತ್ರ. ಆಟದ ಕೊನೆಯನ್ನಷ್ಟೇ ಕಂಡು ನಾನು ಅದರ ಆರಂಭವನ್ನು ಊಹಿಸಿದ್ದೆ. ನನ್ನ ಸೀಟಿ ಮೊದಲು ಕೇಳಿಸಿದ್ದರಿಂದ ಸೆಂಟರಿನವರು ತಮ್ಮದನ್ನು ತುಟಿಯಲ್ಲಿಯೇ ತಡೆದುಕೊಂಡರು.

"ಚೆಂಡು ಎಲ್ಲಿದೆ ಅಂತ ಹೇಳೋಕೆ ಮೆಟ್ಟಿಲ ಮೇಲೆ ಕೂತವರೆಲ್ಲ ಇದ್ದಾರೆ. ನಿನ್ನ ಮುಂದಿರೋ ಈ ಇಬ್ಬರನ್ನ ನೋಡೋಕೆ ಇಡೀ ಕೋರ್ಟಲ್ಲಿ ನೀನೊಬ್ಬಳೇ ಇರೋದು" ಎಂದರು ಸರ್. ಅವರು ಗದರಿಸಲಿಲ್ಲ. ಗದರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು, "ಬೇರೆಯವರು ನೋಡದೇ ಹೋದರೆ ಏನು ಮಾಡೋದು ಅಂತ ಭಯ ಆಗುತ್ತೆ ಸರ್" ಎಂದೆ. ಇದು ನೆಪವಾಗಿರಲಿಲ್ಲ. ಅಪಾರ್ಟ್‌ಮೆಂಟ್ ಲೀಗಿನಲ್ಲಿ ನನ್ನ ಜೊತೆಗಾರ ಎಷ್ಟೋ ಸಲ ಅವತ್ತೇ ಸೀಟಿ ಹಿಡಿದವನಾಗಿರುತ್ತಾನೆ, ಅವನು ಬಿಟ್ಟದ್ದನ್ನು ಹಿಡಿಯುವುದೇ ನನ್ನ ಕೆಲಸವಾಗಿತ್ತು. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀನು ಇನ್ನೂ ಒಬ್ಬಳೇ ರೆಫ್ರಿ ಮಾಡ್ತಾ ಇದ್ದೀಯ" ಎಂದರು. ಮೇಲಿನ ಹಂತಕ್ಕೆ ಹೋಗುವುದೆಂದರೆ ಇನ್ನಷ್ಟು ನೋಡುವುದು, ಇನ್ನಷ್ಟು ಹಿಡಿಯುವುದು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ನನ್ನ ಪಾಲಿನದನ್ನು ಮಾತ್ರ ಬಿಗಿಯಾಗಿ ಹಿಡಿದು, ಉಳಿದದ್ದನ್ನು ಮತ್ತೊಬ್ಬರ ಕಣ್ಣಿಗೆ ಪೂರ್ತಿ ಒಪ್ಪಿಸಿಬಿಡುವುದು ಎಷ್ಟು ಕಷ್ಟವೆಂದು ಇಂದು ಮೊದಲ ಬಾರಿಗೆ ಮೈಗೆ ತಟ್ಟಿತು. ನಿಯಮ ಪುಸ್ತಕದ ಯಾವ ಪುಟವನ್ನು ಕೇಳಿದರೂ ಹೇಳಬಲ್ಲೆ, ಆದರೆ ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಓಡುತ್ತದೆ.

ಅಷ್ಟರಲ್ಲಿ ಸರ್ ಜೇಬಿನಿಂದ ತಮ್ಮ ಹಳೆಯ ಲೋಹದ ಸೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಬೆಂಡಿನ ಗುಂಡು ಇರುವ ಕಾಲದ್ದು. ಸಿಟ್ಟಿನಿಂದ ಜೋರಾಗಿ ಊದಿದರೆ ಗುಂಡು ಸಿಕ್ಕಿಕೊಂಡು ಸದ್ದೇ ಹೊರಡುತ್ತಿರಲಿಲ್ಲವಂತೆ. ಕೆನಡಾದ ರೆಫ್ರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ಪಂದ್ಯದ ನಡುವೆಯೇ ಹೀಗಾದ ಮೇಲೆ ಅವರು ಗುಂಡಿಲ್ಲದ ಸೀಟಿಯನ್ನು ಮಾಡಿಸಿ, 1987ರಲ್ಲಿ ಫಾಕ್ಸ್ 40 ಎಂಬ ಹೆಸರಿನಲ್ಲಿ ಹೊರತಂದರು. ನನ್ನ ಕೊರಳಲ್ಲಿರುವುದೂ ಅದೇ. "ನಮ್ಮ ಕಾಲದಲ್ಲಿ ಊದೋಕೆ ಮೊದಲು ಉಸಿರನ್ನ ಹದ ಮಾಡ್ಕೋಬೇಕಾಗಿತ್ತು. ಆ ಅರ್ಧ ಗಳಿಗೆಯಲ್ಲಿ ಎಷ್ಟೋ ತಪ್ಪು ಫೌಲ್ ಊದದೇ ಉಳಿದುಹೋಗ್ತಿದ್ವು" ಎಂದರು. ಆ ಸೀಟಿಯ ಬಾಯಿಯ ಹತ್ತಿರ ಹಿತ್ತಾಳೆ ಸವೆದು, ಹಲ್ಲಿನ ಎರಡು ಗುರುತು ಬಿದ್ದಿದ್ದವು.

ಪರೀಕ್ಷೆಗೆ ಕೂರಬಹುದೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೀಪ್ ಟೆಸ್ಟ್ ಎಲ್ಲಿಗೆ ಬಂತು ಎಂದು ಮಾತ್ರ ವಿಚಾರಿಸಿದರು. 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ, ಬೀಪ್ ಸದ್ದು ಆಗುವುದರೊಳಗೆ ಓಡಿ ಮುಟ್ಟುತ್ತಾ ಹೋಗಬೇಕು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ಪರೀಕ್ಷೆಯಲ್ಲಿ ಮಹಿಳೆಯರು 8 ನಿಮಿಷದಲ್ಲಿ 66 ಸಲ, ಪುರುಷರು 10 ನಿಮಿಷದಲ್ಲಿ 86 ಸಲ ಮುಗಿಸಬೇಕು. ನಾನು ಅಷ್ಟು ದೂರದ ಪರೀಕ್ಷೆಗೆ ಹೊರಟವಳಲ್ಲವಾದರೂ ಸರ್ ನನಗೆ ಇಟ್ಟಿರುವ ಗುರಿ ಅದೇ. ನನ್ನ ಉಸಿರು 52ಕ್ಕೆ ನಿಲ್ಲುತ್ತಿದೆ. ಒಟ್ಟು ದೂರ 1320 ಮೀಟರ್ ಅಷ್ಟೇ, ನೇರವಾಗಿ ಓಡಲು ಹೇಳಿದರೆ ಓಡಿಬಿಡುತ್ತೇನೆ. ಸೋಲಿಸುವುದು ತಿರುವು. ಪ್ರತಿ ಗೆರೆಯಲ್ಲೂ ಓಟವನ್ನು ಕೊಂದು ಮತ್ತೆ ಹುಟ್ಟಿಸಬೇಕು, ಬಲ ಮಂಡಿ ಅದನ್ನು ಒಪ್ಪುವುದಿಲ್ಲ.

ಮನೆಗೆ ಬಂದಾಗ ಅಮ್ಮ ಮಂಡಿಗೆ ಬಿಸಿ ಎಣ್ಣೆ ಹಚ್ಚುತ್ತಾ, "ಆಫೀಸಿನ ಕೆಲಸ ಸಾಲದು ಅಂತ ಇದು ಯಾಕೆ ತಾಯಿ? ಆಡಿದವರಿಗೆ ಕಪ್ ಕೊಡ್ತಾರೆ, ನಿನಗೆ ಏನು ಕೊಡ್ತಾರೆ?" ಎಂದು ಕೇಳಿದಳು. ನಾನು ಮೊಬೈಲಿನಲ್ಲಿ ಸ್ನೇಹಲ್ ಬೆಂಡ್ಕೆಯವರ ಫೋಟೊ ತೋರಿಸಿ, ಫಿಬಾ ರೆಫ್ರಿಯಾದ ಭಾರತದ ಮೊದಲ ಮಹಿಳೆ ಇವರೇ ಎಂದೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇವಳಿಗೂ ಅಮ್ಮ ಎಣ್ಣೆ ಹಚ್ಚಿರಬೇಕು" ಎಂದಳು. ನನಗೆ ಗಂಟಲು ಕಟ್ಟಿತು.

2017ರ ಜುಲೈಯಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ಪಿನ ಬಿ ಡಿವಿಷನ್ ಫೈನಲ್ಲನ್ನು ಚಿಕ್ಕಪ್ಪನ ಜೊತೆ ನೋಡಿದ್ದೆ. ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿದ ಆ ರಾತ್ರಿ ಕೂಗಿ ಕೂಗಿ ನನ್ನ ದನಿ ಹೋಗಿತ್ತು. ಎರಡೇ ಅಂಕದ ಅಂತರದ ಆ ಕೊನೆಯ ನಿಮಿಷಗಳಲ್ಲಿ ರೆಫ್ರಿಗಳು ಎಲ್ಲಿ ನಿಂತಿದ್ದರು, ಯಾರು ಯಾರನ್ನು ನೋಡುತ್ತಿದ್ದರು ಎಂದು ನೆನಪಿಸಿಕೊಳ್ಳಲು ಈಗ ಎಷ್ಟು ಪ್ರಯತ್ನಿಸಿದರೂ ಏನೂ ಕಾಣುತ್ತಿಲ್ಲ. ನಾನು ಆಗಲೂ ಚೆಂಡನ್ನೇ ನೋಡುತ್ತಿದ್ದೆ.

ಉಳಿದ ಕಡಲೆಕಾಯಿಯನ್ನು ಸರ್ ನನ್ನ ಬ್ಯಾಗಿಗೆ ಸುರಿದಿದ್ದರು. ಇದನ್ನು ಬರೆಯುವ ಮೊದಲು ಹತ್ತನ್ನು ಆರಿಸಿ ಮೇಜಿನ ಮೇಲೆ ಮತ್ತೆ ಜೋಡಿಸಿದೆ, ಲೋಟಗಳ ಬದಲು ಮೂರು ಪೆನ್ನಿನ ಮುಚ್ಚಳ ಇಟ್ಟೆ. ಒಂಬತ್ತನೇ ನಂಬರಿನವಳನ್ನು ಅವಳ ಜಾಗದಲ್ಲಿಟ್ಟು, ಚೆಂಡನ್ನು ಆಚೆ ಬದಿಗೆ ಕಳಿಸಿ, ಆ ಗಾರ್ಡ್ ಕುಟ್ಟಿದ ಮೂರು ನಾಲ್ಕು ಸಲವನ್ನು ಬೆರಳಿನಿಂದ ಮೇಜಿನ ಮೇಲೆ ಕುಟ್ಟಿ ಎಣಿಸಿದೆ. ಅಷ್ಟು ಹೊತ್ತು ಚೆಂಡು ಆ ಬದಿಯಲ್ಲಿ ನಿಂತಿತ್ತು. ಹಾಗೆ ನಿಂತರೆ ಲೀಡ್ ಬೇಸ್‌ಲೈನಿನುದ್ದಕ್ಕೂ ನಡೆದು ಚೆಂಡಿನ ಬದಿಗೆ ದಾಟಬೇಕು. ಆಗ ಸೆಂಟರ್ ಟ್ರೇಲ್ ಆಗುತ್ತಾರೆ, ಟ್ರೇಲ್ ಇದ್ದವರು ಸೆಂಟರ್ ಆಗುತ್ತಾರೆ, ನಾನು ಬಿಟ್ಟುಬಂದ ಆ ಇಬ್ಬರು ಹುಡುಗಿಯರು ಅವರ ಕಣ್ಣಿಗೆ ಸೇರುತ್ತಾರೆ. ನಾನು ದಾಟಿರಲಿಲ್ಲ, ಕಣ್ಣನ್ನು ಮಾತ್ರ ಕಳಿಸಿದ್ದೆ. ಹಾಗಾದರೆ ತಪ್ಪು ಸೀಟಿ ಊದಿದಾಗ ಆದದ್ದಲ್ಲ, ಅದಕ್ಕಿಂತ ಮೂರು ಸೆಕೆಂಡು ಮೊದಲೇ ಆಗಿಹೋಗಿತ್ತು. ಸರ್ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಇದನ್ನು ಕಾಣದೆ ಇರುವವರಲ್ಲ. ಕಡಲೆಕಾಯಿಯನ್ನು ನನ್ನ ಬ್ಯಾಗಿಗೆ ಸುರಿದದ್ದು ಇದಕ್ಕಾಗಿಯೇ ಇರಬಹುದೇ, ಅಥವಾ ನಾನು ಆಗಲೇ ಇಷ್ಟನ್ನು ಕಂಡುಕೊಂಡು ಹೇಳುತ್ತೇನೋ ಎಂದು ಮೇಜಿನ ಮುಂದೆ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದರೇ?