ಒಂದು ತಂಬಿಗೆ ನೀರು

ಪವಿತ್ರ ವಾರ ಕಳೆದು, ಪಾಸ್ಕದ, ಅಂದರೆ ಈಸ್ಟರಿನ, ದೀಪಗಳೂ ಆರಿ, ನಗರದ ದಿನಚರಿ ಮತ್ತೆ ನನ್ನನ್ನು ಹಿಡಿದುಕೊಂಡಿದೆ. ಆದರೂ ಸಂಜೆ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದಾಗಲೆಲ್ಲ ಪಾದಗಳ ಮೇಲೆ ತಣ್ಣೀರು ಬಿದ್ದಂತಾಗಿ ಬೆರಳುಗಳು ತಾವಾಗಿಯೇ ಮುದುರಿಕೊಳ್ಳುತ್ತವೆ. ಆ ನೀರನ್ನು ಹೊಯ್ದ ತಾಯಿಗಾಗಿ ಪ್ರಭುವಿಗೆ ಕೃತಜ್ಞತೆ ಸಲ್ಲಿಸದೆ ಇರಲಾರೆನೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಧರ್ಮಕೇಂದ್ರದ ಯುವಜನರೊಡನೆ ಯಲ್ಲಾಪುರದ ಕಾಡಿನ ನಡುವೆ ಆಫ್ರಿಕ ಮೂಲದ ಸಿದ್ದಿ ಜನರ ಒಂದು ಮಜರೆಗೆ ನಾವು ಸೇವೆಗೆಂದು ಹೋಗಿದ್ದೆವು. ಅಲ್ಲಿಯವರು ತಲೆಮಾರುಗಳಿಂದ ಕ್ರೈಸ್ತರಾದ್ದರಿಂದ ಯೇಸುವನ್ನು ಅವರಿಗೆ ಪರಿಚಯಿಸುವ ಪ್ರಶ್ನೆಯೇ ಇರಲಿಲ್ಲ. ಪ್ರಾರ್ಥನಾಲಯಕ್ಕೆ ಸುಣ್ಣ ಬಳಿಯುವುದು, ಮಕ್ಕಳಿಗೆ ಪಾಠ ಹೇಳಿಕೊಡುವುದು, ಬಟ್ಟೆ ಮತ್ತು ಔಷಧಿ ಹಂಚುವುದು, ಇಷ್ಟೇ ನಮ್ಮ ಉದ್ದೇಶ. ಒಂದೇ ಬಣ್ಣದ ಟೀ ಶರ್ಟುಗಳೂ ಬ್ಯಾನರೂ ಎಲ್ಲಕ್ಕಿಂತ ಮೊದಲು ಸಿದ್ಧವಾಗಿದ್ದವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಮೊದಲ ಮನೆಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡಬೇಕೆನ್ನುವಷ್ಟರಲ್ಲಿ ಆ ಮನೆಯ ಅಜ್ಜಿ ಬಾಗಿಲಿಗೆ ಬಂದು ಕೈ ಅಡ್ಡ ಹಿಡಿದರು. ಎಪ್ಪತ್ತು ದಾಟಿದ ವಯಸ್ಸು, ಬೆಳ್ಳಗಾದ ಗುಂಗುರು ಕೂದಲು, ಕೈಯಲ್ಲಿ ಅಂಚು ನೆಗ್ಗಿದ ತಾಮ್ರದ ತಂಬಿಗೆ. ಅದನ್ನು ತೆಗೆದುಕೊಳ್ಳಲು ನಾನು ಕೈ ನೀಡಿದರೆ, "ನಿಲ್ಲು ಮಗಾ, ನಾನು ಹೊಯ್ತೆ" ಎಂದು ಸೊಂಟ ಬಗ್ಗಿಸಿ, ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ ನಿಧಾನವಾಗಿ ನೀರು ಹೊಯ್ದರು. ಬಿಸಿಲಲ್ಲಿ ನಡೆದು ಬಂದ ಪಾದಗಳಿಂದ ಕೆಂಪು ಧೂಳು ಗೆರೆಗೆರೆಯಾಗಿ ಇಳಿದು ಮೆಟ್ಟಿಲ ಕಲ್ಲಿನ ಮೇಲೆ ಹರಿಯಿತು. ನೀರು ಬಾವಿಯದಿರಬೇಕು, ಹಿಮ್ಮಡಿಯಿಂದ ನೆತ್ತಿಯವರೆಗೂ ತಂಪು ಏರಿದಂತಾಯಿತು.

ಹಾಸನದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿಯೂ ಜಗಲಿಯ ಮೂಲೆಯಲ್ಲಿ ಹೀಗೆಯೇ ಒಂದು ತಂಬಿಗೆ ಇರುತ್ತಿತ್ತು. ಕಾಲಿಗೆ ನೀರು ಕೊಡದ ಮನೆಯಲ್ಲಿ ಉಂಡ ಅನ್ನ ಮೈಗೆ ಹತ್ತುವುದಿಲ್ಲವೆಂದು ಆಕೆ ಹೇಳುತ್ತಿದ್ದಳು. ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವೂ ಮಾಂಸ ಮುಟ್ಟದೆ, ಶುಕ್ರವಾರಗಳಂದು ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿಯೂ ಬರಿಯ ನೆಲಕ್ಕೆ ಮಂಡಿಯೂರುತ್ತಿದ್ದ ಆಕೆ, ಹಳೆಯ ಮಿಷನರಿಗಳ ಪೈಕಿ "ದೊಡ್ಡ ಸ್ವಾಮಿ"ಯನ್ನು ಮಾತ್ರ ಮನೆಯ ಹಿರಿಯನಂತೆ ನೆನೆಯುತ್ತಿದ್ದಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, 1823ರಲ್ಲಿ ಫ್ರಾನ್ಸಿಗೆ ಹಿಂದಿರುಗುವವರೆಗೂ ಇಲ್ಲಿಯವರಂತೆಯೇ ಉಟ್ಟು, ಇಲ್ಲಿಯವರಂತೆಯೇ ಉಂಡು, ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿಯೂ ದುಡಿದ ದುಬೋಯ್ ಗುರುಗಳೇ ಆ ದೊಡ್ಡ ಸ್ವಾಮಿ. ಅವರು ಓದಿದವರೆಂಬುದಕ್ಕಿಂತ, ಕೊಟ್ಟ ಮನೆಯಲ್ಲಿ ಕೊಟ್ಟದ್ದನ್ನು ಉಂಡವರೆಂಬುದೇ ಅಜ್ಜಿಗೆ ದೊಡ್ಡದಾಗಿತ್ತು.

ನಾವು ಮಾಡಿದ್ದೇನು? ಕಾಲಿಗೆ ನೀರು ಹೊಯ್ದ ಬಳಿಕ ಸಿದ್ದಿ ಅಜ್ಜಿ ಬೆಲ್ಲದ ತುಂಡುಗಳನ್ನೂ ಕುಡಿಯುವ ನೀರನ್ನೂ ತಂದಿಟ್ಟಾಗ, ನಮ್ಮ ಹುಡುಗರು ಪರಸ್ಪರ ಮುಖ ನೋಡಿಕೊಂಡು, ಬ್ಯಾಗಿನಿಂದ ಬಾಟಲಿಗಳನ್ನು ತೆಗೆದರು. ಹೊಟ್ಟೆ ಕೆಟ್ಟೀತೆಂಬ ಎಚ್ಚರಿಕೆಯನ್ನು ಹೊರಡುವ ಮೊದಲು ಅವರಿಗೆ ಕೊಟ್ಟಿದ್ದವರಲ್ಲಿ ನಾನೂ ಒಬ್ಬಳು. ಅಜ್ಜಿ ಏನೂ ಅನ್ನಲಿಲ್ಲ, ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಆ ತಟ್ಟೆ ನೆಲದ ಮೇಲೆ ಸರಿದ ಸದ್ದು ಕೇಳಿದಾಗ ನನಗೆ ನಾಚಿಕೆಯಾಗಿ, ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಲೋಟದ ನೀರನ್ನು ಪೂರ್ತಿ ಕುಡಿದೆ.

ಅಂದು ಪವಿತ್ರ ಗುರುವಾರ, ಪ್ರಭು ಯೇಸು ತನ್ನ ಶಿಷ್ಯರ ಪಾದಗಳನ್ನು ತೊಳೆದದ್ದನ್ನು ನೆನೆಯುವ ದಿನ. ಯೊವಾನ್ನರ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ಎಷ್ಟೋ ವರ್ಷಗಳಿಂದ ಕೇಳಿದ್ದರೂ, ತನ್ನ ಪಾದಗಳನ್ನು ಪ್ರಭು ತೊಳೆಯಕೂಡದೆಂದು ಶಿಷ್ಯ ಪೇತ್ರ ಅಷ್ಟು ಹಟ ಹಿಡಿದದ್ದೇಕೆಂಬುದು ನನಗೆ ತಿಳಿದದ್ದು ಆ ಮೆಟ್ಟಿಲ ಬಳಿಯಲ್ಲಿ. ಅಂದಿನ ಕಾಲದಲ್ಲಿ ಅತಿಥಿಯ ಪಾದ ತೊಳೆಯುವುದು ದಾಸರ ಕೆಲಸ. ಈ ಅಜ್ಜಿಯ ಪೂರ್ವಿಕರನ್ನು ಆಫ್ರಿಕದಿಂದ ಹಡಗುಗಳಲ್ಲಿ ತಂದು ಗೋವೆಯಲ್ಲಿ ದಾಸರನ್ನಾಗಿ ಮಾರಿದವರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ ಜನರೇ. ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡುಗಳಲ್ಲಿ ನೆಲೆ ಕಂಡವರ ಮಕ್ಕಳು ಮೊಮ್ಮಕ್ಕಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅಂಥ ಮನೆತನದ ಮುದುಕಿ, ಒಡೆಯರ ವಿಶ್ವಾಸವನ್ನೇ ಹೊತ್ತುಕೊಂಡು ಬಂದ ನನ್ನಂಥವಳ ಪಾದಕ್ಕೆ ಯಾರ ಅಪ್ಪಣೆಯೂ ಇಲ್ಲದೆ, ತನ್ನ ಮನೆಯ ಯಜಮಾನಿಕೆಯಿಂದ, ಅತಿಥಿಯೆಂದು ನೀರು ಹೊಯ್ದಾಗ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ಎಳೆದುಕೊಂಡಿದ್ದರೆ ಅವರ ಯಜಮಾನಿಕೆಯನ್ನು ನಾನು ಒಪ್ಪದಂತಾಗುತ್ತಿತ್ತು.

ಮಧ್ಯಾಹ್ನ ನಾವು ತಂದಿದ್ದ ಬಟ್ಟೆಯ ಗಂಟುಗಳನ್ನು ಹೆಂಗಸರು ಬಿಚ್ಚಿದರು. ನಗರದ ಮನೆಗಳು ದಾನವೆಂದು ಕೊಡುವುದು ಎಂಥದ್ದೆಂದು ಬಲ್ಲವರೇ ಬಲ್ಲರು: ಜರಿ ಹರಿದ ಲಂಗ, ಜಿಪ್ಪಿಲ್ಲದ ಜೀನ್ಸ್, ಒಂದೇ ಸಲ ತೊಟ್ಟ ಮದುವೆಯ ಕೋಟು. ಉಡಲು ಬರುವಂಥದ್ದನ್ನು ಒಂದು ಕಡೆಗಿಟ್ಟು, ಉಳಿದದ್ದನ್ನು ಅವರು ನಗುನಗುತ್ತ ಕೌದಿಗೆಂದು ಆರಿಸಿಕೊಂಡರು. ಅಜ್ಜಿ ಆಗಲೇ ಹೊಲಿಯುತ್ತಿದ್ದ ಕೌದಿಯೊಂದನ್ನು ತಂದು ಬಿಡಿಸಿ ತೋರಿಸಿದರು. ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ಹಳೆಯ ಸೀರೆಯ ಹಸಿರು, ಶಾಲೆಯ ಸಮವಸ್ತ್ರದ ನೀಲಿ, ನಡುವೆ ಕೆಂಪು ಚೂರುಗಳಿಂದ ಜೋಡಿಸಿದ ಒಂದು ಶಿಲುಬೆ. ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಒಂದರ ಮೇಲೊಂದು ಇಟ್ಟು ಹೊಲಿದಿದ್ದರು. ಅದಕ್ಕೆ ಅವರು ಫುಲ, ಅಂದರೆ ಹೂವು, ಎನ್ನುತ್ತಾರೆ. ಹೂವಿಲ್ಲದ ಕೌದಿ ಬತ್ತಲೆಯಂತೆ.

ಸಂಜೆಯ ಬಲಿಪೂಜೆಯಲ್ಲಿ ಮಹಿಮಾಗೀತೆಗೆ ಬಾರಿಸಿದ ಗಂಟೆ, ಪಾಸ್ಕ ಜಾಗರಣೆಯವರೆಗೆ ಮೌನಕ್ಕೆ ಸರಿಯಿತು. ಈ ಪೂಜೆಯಲ್ಲಿ ಯೇಸುವಿನಂತೆ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವ ವಿಧಿಯುಂಟು. ನಮ್ಮ ನಗರದ ದೇವಾಲಯಗಳಲ್ಲಿ ಹಾಗೆ ತೊಳೆಸಿಕೊಳ್ಳುವವರು ಮನೆಯಲ್ಲಿಯೇ ಉಜ್ಜಿ ತೊಳೆದ ಪಾದಗಳನ್ನು ತರುತ್ತಾರೆ. ಗುರುಗಳು ನಾಲ್ಕು ಹನಿ ಚಿಮುಕಿಸಿ ಒರೆಸುತ್ತಾರೆ, ಸುತ್ತಲೂ ಮೊಬೈಲುಗಳು ಮೇಲೇಳುತ್ತವೆ. ಕಳಂಕವಿಲ್ಲದ ಪಾದವನ್ನು ತೊಳೆಯುವ ಈ ವಿಧಿಯನ್ನು ಕಂಡರೆ ನಮ್ಮಜ್ಜಿ ಏನನ್ನುತ್ತಿದ್ದಳೋ. ಈ ಮಜರೆಯ ಹನ್ನೆರಡು ಮಂದಿಯಲ್ಲಿ ಐವರು ಹೆಂಗಸರಿದ್ದರು. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹುಡುಗಿಯರ ಪಾದಗಳನ್ನೂ ತೊಳೆದು, 2016ರಲ್ಲಿ ವಿಧಿಯನ್ನೇ ತಿದ್ದಿಸಿದ ಮೇಲೆ ಇದಕ್ಕೆ ಅಡ್ಡಿಯಿಲ್ಲ. ನೀರಿನ ಪಾತ್ರೆ ಹಿಡಿಯುವ ಕೆಲಸ ನನಗೆ ಬಂದಿತು. ಅಜ್ಜಿಯ ಸರದಿ ಬಂದಾಗ ಆಕೆ ಮುಖವನ್ನು ಬೇರೆ ಕಡೆಗೆ ತಿರುಗಿಸಿ ಪಾದವನ್ನು ಮುಂದಿಟ್ಟರು. ಹಿಮ್ಮಡಿಯ ಬಿರುಕುಗಳಲ್ಲಿ ಕೂತಿದ್ದ ಕೆಂಪು ಮಣ್ಣು ಗುರುಗಳು ಎಷ್ಟು ತೊಳೆದರೂ ಹೋಗಲಿಲ್ಲ. ಅವರು ಹಾಗೆಯೇ ಬಾಗಿ ಆ ಪಾದಕ್ಕೆ ಮುತ್ತಿಟ್ಟರು.

ಪೀಠದ ವಸ್ತ್ರಗಳನ್ನು ತೆಗೆದು, ಪರಮ ಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಪಕ್ಕದ ಪುಟ್ಟ ಪೀಠಕ್ಕೆ ಒಯ್ದ ಬಳಿಕ ಆರಾಧನೆಗೆ ಕುಳಿತೆವು. ನಮ್ಮ ಹುಡುಗರು ತಾವಾಗಿಯೇ ಹೊರಗಿನ ಕೊಡದಿಂದ ನೀರು ಮೊಗೆದು ಕುಡಿದು ಬಂದು ಕುಳಿತದ್ದನ್ನು ಕಂಡೆ. ಸೆಕೆಯ ದಿನಗಳಾದರೂ ಕಾಡಿನ ನಡುವೆ ರಾತ್ರಿ ಬೆಳೆದಂತೆ ಚಳಿ ಹುಟ್ಟುತ್ತದೆ. ಒಂದು ಗಳಿಗೆ ಎಚ್ಚರವಾಗಿರಲಾರಿರಾ ಎಂದು ಪ್ರಭು ಶಿಷ್ಯರನ್ನು ಕೇಳಿದ ರಾತ್ರಿಯಲ್ಲಿಯೇ ನನಗೆ ಜೊಂಪು ಹತ್ತಿತು. ಯಾರೋ ಹೊದಿಸಿದಂತಾಗಿ ಎಚ್ಚೆತ್ತು ನೋಡಿದರೆ ಮೈಮೇಲೆ ಕೌದಿ, ಕೈಗೆ ತಗುಲುತ್ತಿದ್ದದ್ದು ಮೂಲೆಯ ಹೂವಿನ ದಪ್ಪ ಮಡಿಕೆ. ಅಜ್ಜಿ ಮುಂದಿನ ಸಾಲಿನಲ್ಲಿ ಬರಿಯ ನೆಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಜಪಸರ ಎಣಿಸುತ್ತಿದ್ದರು.